ಬರೆಸಿದ ಸಂದೇಹಗಳು

ಚಾಮರಾಜನಗರದ ಆ ಪ್ರಿನ್ಸಿಪಾಲರ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಉದ್ದೇಶವೂ ಇಲ್ಲ. ವಯಸ್ಸಾಗುತ್ತಾ ಬಂದ ಹಾಗೆ ಕ್ಷಮಿಸುವುದನ್ನು ಕಲಿಯಬೇಕು ಮೇಡಂ ಎಂದು ಉಪದೇಶ ಮಾಡುವವರು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಅವರಿಗೆ ಬೇಕಾದಷ್ಟು ಪುರುಸೊತ್ತಿದೆ, ಕೂತು ಕ್ಷಮಿಸಲಿ. ನಾನು ಪಾಠ ಮಾಡುವವಳು.

ಗುಂಡ್ಲುಪೇಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ನನ್ನ ವಿಷಯ. ನಮ್ಮ ಕಡೆ ಪಾಠ ಮಾಡುವುದು ಅಂದರೆ ನೋಟ್ಸ್ ಬರೆಸುವುದು, ಬೇರೆ ಅರ್ಥವಿಲ್ಲ. ಮೇಷ್ಟ್ರು ಬರುತ್ತಾರೆ, ಹಳದಿಗಟ್ಟಿದ ಹಾಳೆ ತೆಗೆಯುತ್ತಾರೆ, ಓದುತ್ತಾ ಹೋಗುತ್ತಾರೆ. ಮಕ್ಕಳು ತಲೆ ಬಗ್ಗಿಸಿ ಬರೆಯುತ್ತವೆ. ಎಲ್ಲಿ ಪ್ಯಾರಾ ಬದಲಾಯಿಸಬೇಕು, ಯಾವ ಸಾಲಿನ ಕೆಳಗೆ ಗೆರೆ ಎಳೆಯಬೇಕು ಅನ್ನುವುದನ್ನೂ ಮೇಷ್ಟ್ರೇ ಹೇಳುತ್ತಾರೆ. ಒಬ್ಬ ಮೇಷ್ಟ್ರು ಒಳ್ಳೆಯವರು ಅಂದರೆ ಅವರ ನೋಟ್ಸ್ ಚೆನ್ನಾಗಿದೆ ಎಂದು ಅರ್ಥ. ಬರೆಸದೆ ಬರೀ ಮಾತಾಡಿ ಹೋಗುವವರನ್ನು ಮಕ್ಕಳ ಅಪ್ಪ ಅಮ್ಮಂದಿರೇ ಸಂಬಳ ತಿನ್ನುವ ಸೋಮಾರಿ ಅನ್ನುತ್ತಾರೆ. ನನ್ನನ್ನೂ ಅಂದಿದ್ದಾರೆ, ಎದುರಿಗೇ ಅಂದಿದ್ದಾರೆ.

ಯಾಕೆಂದರೆ ನಾನು ಬರೆಸುವುದನ್ನು ನಿಲ್ಲಿಸಿದ್ದೆ. ಬೇರೆ ಕಡೆಯ ಕಾಲೇಜುಗಳಲ್ಲಿ ಮಾಡಿ ನೋಡಿ ಫಲ ಕಂಡಿದ್ದ ಒಂದು ಪದ್ಧತಿಯನ್ನು ತರಬೇತಿಯೊಂದರಲ್ಲಿ ಕಲಿತು ಬಂದು ನಮ್ಮ ಮೊದಲನೇ ವರ್ಷದವರಿಗೆ ಶುರುಮಾಡಿದೆ. ಕ್ಲಾಸಿನ ಮೊದಲರ್ಧ ನಾನು ಬಾಯಿ ಬಿಡಬಾರದು. ಮಕ್ಕಳು ಮೂವರು ಮೂವರಾಗಿ ಕೂತು, ಓದಿಕೊಂಡು ಬಂದ ಪಾಠದಲ್ಲಿ ಎಲ್ಲಿ ತಲೆ ಕೆಟ್ಟಿತು ಎಂದು ಮಾತಾಡಿಕೊಳ್ಳಬೇಕು. ಪ್ರತಿ ಗುಂಪಿನಿಂದ ಒಂದು ಡೌಟು ಎದ್ದು ಬರಬೇಕು, ಅದೂ ಮನೆಮಾತಿನಲ್ಲಿ. ಪುಸ್ತಕದ ಭಾಷೆಯಲ್ಲಿ ಕೇಳಿದರೆ ನಾನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಉತ್ತರವನ್ನು ಮೊದಲು ಪಕ್ಕದ ಗುಂಪು ಹುಡುಕಬೇಕು, ಸಿಗದಿದ್ದರೆ ಮಾತ್ರ ನಾನು.

ಮೊದಲ ತಿಂಗಳು ಮಸಣದ ಹಾಗಿತ್ತು. ಆಮೇಲೆ ಒಂದು ದಿನ, ಚೆಂಡು ಹೂವು ಬೆಳೆಯುವ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. 'ಬೆಲೆ ಏರುದ್ರೆ ಬೇಡಿಕೆ ಕಮ್ಮಿ ಆಯ್ತದೆ ಅಂತ ಬರ್ದವ್ರೆ ಮೇಡಂ. ಓಣಂ ಹತ್ರ ಬಂದಾಗ ನಮ್ಮೂವಿಗೆ ರೇಟು ಏರ್ದಂಗೆಲ್ಲ ಕೇರಳದ ಗಾಡಿ ಜಾಸ್ತಿನೇ ಬತ್ತವೆ. ಅವ್ರಿಗೇನು ತಲೆ ಕೆಟ್ಟದಾ?' ಎಂದಳು. ಕ್ಲಾಸೆಲ್ಲ ನಕ್ಕಿತು. ನಕ್ಕವರೇ ಆಮೇಲೆ ಕಿತ್ತಾಡಿದರು. ಆ ಜಗಳ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಮಾರನೆಯ ದಿನ ವಾಪಸ್ ಬಂತು. ಹಬ್ಬ ಬಂದಾಗ ಬೇಡಿಕೆಯ ಗೆರೆಯೇ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಅದೇ ಗೆರೆಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಾಡುವುದು ಬೇರೆ ಎಂದು ಅವರೇ ಕಂಡುಹಿಡಿದರು. ಅದನ್ನು ನಾನು ಎಷ್ಟೋ ಬ್ಯಾಚುಗಳಿಗೆ ಚಿತ್ರ ಬರೆದು ಬಣ್ಣ ಹಚ್ಚಿ ಹೇಳಿದ್ದೆ, ಒಬ್ಬರ ತಲೆಗೂ ಹೋಗಿರಲಿಲ್ಲ. ಪರೀಕ್ಷೆಯಲ್ಲಿ ಆ ವರ್ಷ ನಮ್ಮ ಮಕ್ಕಳು ಸ್ವಂತ ವಾಕ್ಯದಲ್ಲಿ ಉತ್ತರ ಬರೆದಿದ್ದರು. ಪಾಸಾಗುವುದೇ ಕಷ್ಟ ಎನಿಸಿದ್ದವರು ಪಾಸಾದರು.

ಸುದ್ದಿ ಮೈಸೂರಿನಲ್ಲಿರುವ ಕಾಲೇಜು ಶಿಕ್ಷಣ ಇಲಾಖೆಯ ಕಚೇರಿಗೆ ಹೋಯಿತು. ಅಲ್ಲಿನ ಅಧಿಕಾರಿ ನನ್ನನ್ನು ಕರೆಸಿ ಹೊಗಳಿದರು. ಹೊಗಳಿಕೆಯ ಹಿಂದೆಯೇ ಕೊಕ್ಕೆ ಬಂತು. ಚಾಮರಾಜನಗರದ ಕಾಲೇಜಿನಲ್ಲೂ ಇದನ್ನು ನೆಲೆ ನಿಲ್ಲಿಸಿ ತೋರಿಸಿ, ಅಲ್ಲಿಯ ಪ್ರಿನ್ಸಿಪಾಲರಿಗೆ ನೀವೇ ಜೊತೆಯಲ್ಲಿದ್ದು ಸಹಾಯ ಮಾಡಿ, ಒಂದು ವರ್ಷ ಕೊಡುತ್ತೇನೆ ಅಂದರು. ಅಲ್ಲಿ ನೆಲೆ ನಿಂತರೆ ಎಲ್ಲ ಕಾಲೇಜಿಗೂ ಹಬ್ಬಿಸೋಣ. ನಿಲ್ಲದಿದ್ದರೆ ಗುಂಡ್ಲುಪೇಟೆಯಲ್ಲೂ ಬಿಟ್ಟುಬಿಡಿ, ಒಂದು ಜಿಲ್ಲೆಯಲ್ಲಿ ಎರಡು ಥರದ ಪಾಠ ಬೇಡ. ಅಲ್ಲಿಗೆ ನನ್ನ ಕ್ಲಾಸಿನ ಜುಟ್ಟು ನಾನು ಮುಖವನ್ನೇ ನೋಡಿರದ ಒಬ್ಬ ಪ್ರಿನ್ಸಿಪಾಲರ ಕೈಗೆ ಹೋಯಿತು.

ಗುರುವಾರ ಗುರುವಾರ ತೆರಕಣಾಂಬಿ ಮೇಲಿನ ಬಸ್ಸು ಹತ್ತಿ ಹೋಗುತ್ತಿದ್ದೆ. ಆ ಮನುಷ್ಯ ಒಂದು ದಿನವೂ ನನಗೆ ಎದುರಾಡಲಿಲ್ಲ. ಎದುರಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಟೀ ತರಿಸುವರು, ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳುವರು, ಅರ್ಧ ಕಣ್ಣು ಮುಚ್ಚಿ ಕೇಳಿಸಿಕೊಳ್ಳುವರು, ಕೊನೆಗೆ 'ಮಾಡ್ಬುಡನ ಮೇಡಂ, ಅದಕ್ಕೇನಂತೆ' ಅನ್ನುವರು. ಒಂದು ವಾರ ನೀವೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಅಂದೆ. ಮಾಡ್ಬುಡನ. ಕೂರಲಿಲ್ಲ. ಉಳಿದ ವಿಷಯದ ಮೇಷ್ಟ್ರುಗಳನ್ನೂ ಕರೆದು ಮಾತಾಡಿ ಅಂದೆ. ಮಾಡ್ಬುಡನ. ಕರೆದರು, ಒಂದು ಡೌಟ್ ಕಮಿಟಿ ರಚಿಸಿದರು, ಅದಕ್ಕೊಬ್ಬ ಸಂಚಾಲಕನನ್ನು ನೇಮಿಸಿದರು, ಫೋಟೋ ತೆಗೆಸಿದರು. ಒಂದು ಸೆಮಿಸ್ಟರಿಗೆ ಎಷ್ಟು ಡೌಟು ಬರಬೇಕು ಎಂದು ನನ್ನನ್ನೇ ಕೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಅವರಿಗೆ ತಿಳಿಯಲಿ ಎಂದು ಚೆಂಡು ಹೂವಿನ ಕತೆಯನ್ನು ಟೀ ಕುಡಿಯುತ್ತಾ ವಿವರವಾಗಿ ಹೇಳಿದ್ದೆ. ಬಹಳ ಚೆನ್ನಾಗಿದೆ ಅಂತ ತಲೆದೂಗಿದರು. ಆ ತಲೆದೂಗುವಿಕೆಯ ಬೆಲೆ ನನಗೆ ಆಮೇಲೆ ಗೊತ್ತಾಯಿತು.

ಅಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವನು ಕುದೇರಿನಿಂದ ಬೈಕಿನಲ್ಲಿ ಬರುತ್ತಿದ್ದ ಅತಿಥಿ ಉಪನ್ಯಾಸಕ. ಖಾಯಂ ಕೆಲಸವಲ್ಲ, ವರ್ಷ ವರ್ಷವೂ ಪ್ರಿನ್ಸಿಪಾಲರ ಬಾಯಿ ನೋಡಬೇಕು. ನೋಟ್ಸಿಗೆ ಜಿಲ್ಲೆಯಲ್ಲೇ ಹೆಸರಾದವನು. ಅವನ ನೋಟ್ಸಿನ ಜೆರಾಕ್ಸ್ ಪ್ರತಿ ಬೇರೆ ಕಾಲೇಜಿನ ಮಕ್ಕಳ ಬ್ಯಾಗಿನಲ್ಲೂ ಇರುತ್ತಿತ್ತು. ಕೆಟ್ಟವನಾಗಿದ್ದರೆ ಬೈದು ಸರಿಮಾಡಬಹುದಿತ್ತು. ಅವನು ವಿನಯವಂತ. ನಾನು ಏನು ಹೇಳಿದರೂ ಅದನ್ನು ತಕ್ಷಣ ಬರೆದುಕೊಳ್ಳುತ್ತಿದ್ದ.

ಕೊನೆಗೆ ಒಂದು ಗುರುವಾರ ನಾನೇ ಕ್ಲಾಸಿಗೆ ಇಳಿದೆ. ಮಕ್ಕಳು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಾ ಕೂತರು. ಗುಂಪು ಮಾಡಿಸಿ, ನಿಮಗೆ ತಿಳಿಯದಿದ್ದುದನ್ನು ಹೇಳಿ ಎಂದು ಹೇಳಿ ನಾನು ಸುಮ್ಮನಾದೆ. ಅವರೂ ಸುಮ್ಮನಾದರು. ಕುದೇರಿನವನು ತಡೆಯಲಾರದೆ ಒಂದು ಉದಾಹರಣೆ ಕೊಡಲು ಎದ್ದ, ನಾನು ನೋಡಿದ ನೋಟಕ್ಕೆ ಕೂತ. ಬಹಳ ಹೊತ್ತಾದ ಮೇಲೆ ಪುಣಜನೂರಿನ ಒಬ್ಬಳು ಮೆಲ್ಲಗೆ ಬಾಯಿ ತೆರೆದಳು. ಅವರ ಊರಿನ ಬೀನ್ಸು ಘಾಟಿಯಿಳಿದು ತಮಿಳುನಾಡಿನ ಸಂತೆಗೂ ಹೋಗುತ್ತದೆ, ಚಾಮರಾಜನಗರಕ್ಕೂ ಬರುತ್ತದೆ. ಅಲ್ಲೊಂದು ವಿಲೈ, ಇಲ್ಲೊಂದು ರೇಟು, ಒಂದೇ ಗಿಡದ್ದು, ಇದರಲ್ಲಿ ಯಾವುದು ನಿಜವಾದ ಬೆಲೆ ಎಂದು ಕೇಳಿದಳು. ತಮಿಳು ಮಾತು ನುಸುಳಿದ್ದಕ್ಕೆ ಕೆಲವರು ಕಿಸಕ್ಕೆಂದರು, ಅವಳು ಕೂರಲು ಹೋದಳು. ಕೂರಬೇಡ, ಅದೇ ಸರಿಯಾದ ಪ್ರಶ್ನೆ ಅಂದೆ. ಅಷ್ಟರಲ್ಲಿ ಹರದನಹಳ್ಳಿಯ ಹುಡುಗನೊಬ್ಬ 'ಗಾಡಿ ಬಾಡಿಗೆ ಸೇರ್ಸಿ ನೋಡು ಕಣಮ್ಮಿ, ಎರಡೂ ಒಂದೇ ಆಯ್ತದೆ' ಅಂದ. ಆಗಲ್ಲ ಎಂದು ಇನ್ನೊಂದು ಗುಂಪು ಹಾರಿತು. ಕಾಡಿನ ರಸ್ತೆಯಲ್ಲಿ ರಾತ್ರಿ ಗಾಡಿ ಬಿಡುವುದಿಲ್ಲ, ಮಾಲು ಬಾಡಿಹೋಗುತ್ತದೆ, ಅದಕ್ಕೆ ಯಾರ ಲೆಕ್ಕದಲ್ಲಿ ಬೆಲೆ ಕಟ್ಟುತ್ತೀಯ ಎಂದು ಕೇಳಿತು. ಬೆಲ್ಲು ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಕುದೇರಿನವನೂ ಪೆನ್ನು ಮರೆತು ಬಾಯಿ ಬಿಟ್ಟುಕೊಂಡು ನಿಂತಿದ್ದ. ಆ ಊರಿನಲ್ಲಿ ನಾನು ಸಂತೋಷಪಟ್ಟಿದ್ದು ಅದೊಂದೇ ಗಂಟೆ.

ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ನೋಡಿ, ಇಲ್ಲೂ ಆಗುತ್ತದೆ, ನೀವು ಮಾಡಬೇಕಾದ್ದು ಇಷ್ಟೇ, ಅವರನ್ನು ಅವರ ಪಾಡಿಗೆ ಬಿಡಿ ಅಂದೆ. ಅವರು ಬಿಸ್ಕತ್ತು ಮುಂದಕ್ಕೆ ತಳ್ಳಿ ಒಂದು ಮಾತು ಕೇಳಿದರು. ಮೈಸೂರಿನವರು ನೋಡಲು ಬಂದ ದಿನ ಯಾರೂ ಬಾಯಿ ಬಿಡದೇ ಹೋದರೆ? ಬಿಡದಿದ್ದರೆ ಎಲ್ಲರೂ ಸುಮ್ಮನೆ ಕೂರೋಣ, ಅವರೂ ಕೂರಲಿ ಅಂದೆ. ಪ್ರಶ್ನೆಪತ್ರಿಕೆಯಿಲ್ಲದೆ ಪರೀಕ್ಷೆ ನಡೆಸಿ ಅಂದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಆಮೇಲೆ ಎಂದಿನಂತೆ ಮಾಡ್ಬುಡನ ಅಂದರು.

ಪರೀಕ್ಷೆ, ಮೌಲ್ಯಮಾಪನ ಎಂದು ಕೆಲವು ಕಾಲ ನನಗೆ ಹೋಗಲಾಗಲಿಲ್ಲ. ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ಸೊಗಸಾಗಿ ನಡೆಯುತ್ತಿದೆ, ಈಗ ಎಲ್ಲ ವಿಷಯದಲ್ಲೂ ಮಾಡುತ್ತಿದ್ದೇವೆ, ನೀವು ಬಂದು ನೋಡಿದರೆ ಖುಷಿಪಡುತ್ತೀರಿ ಎನ್ನುತ್ತಿದ್ದರು. ವರ್ಷದ ಕೊನೆಯಲ್ಲಿ ಮೈಸೂರಿನ ಅಧಿಕಾರಿ ಬರುವ ದಿನ ಗೊತ್ತಾಯಿತು. ನಾನೂ ಹೋದೆ. ಹಾರ, ಶಾಲು, ಪ್ರಾರ್ಥನೆ ಎಲ್ಲ ಮುಗಿದು ನಮ್ಮನ್ನು ಕ್ಲಾಸಿಗೆ ಕರೆದುಕೊಂಡು ಹೋದರು.

ಮಕ್ಕಳು ಮೂವರು ಮೂವರಾಗಿ ಕೂತಿದ್ದರು. ಕುದೇರಿನವನು ಸನ್ನೆ ಮಾಡಿದ. ಮೊದಲ ಗುಂಪಿನ ಹುಡುಗ ಎದ್ದು, 'ಸರ್, ನನ್ನ ಸಂದೇಹವೇನೆಂದರೆ' ಎಂದು ಶುರುಮಾಡಿದ. ತಡವರಿಸಲಿಲ್ಲ. ಉತ್ತರ ಹೇಳುವವಳೂ ತಡವರಿಸಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿ ನಕ್ಕರು, ನಾನೂ ನಕ್ಕೆ. ಎರಡನೆಯವಳೂ ನನ್ನ ಸಂದೇಹವೇನೆಂದರೆ ಅಂದಳು. ಮೂರನೆಯವನೂ ಹಾಗೇ ಅಂದ. ಆಗ ಕುದೇರಿನವನ ತುಟಿ ನೋಡಿದೆ. ಮಕ್ಕಳು ಹೇಳುವ ಒಂದೊಂದು ಪದಕ್ಕೂ ಅದು ಅಲ್ಲಾಡುತ್ತಿತ್ತು. ನನ್ನ ನಗು ಅಲ್ಲೇ ನಿಂತಿತು.

ಪುಣಜನೂರಿನವಳ ಸರದಿ ಬಂತು. ಬೀನ್ಸಿನ ಹುಡುಗಿ. ಕೈ ಕಟ್ಟಿ ನಿಂತು ಒಂದೇ ಉಸಿರಿಗೆ ಒಪ್ಪಿಸಿದಳು. 'ನನ್ನ ಸಂದೇಹವೇನೆಂದರೆ, ಓಣಂ ಸಂದರ್ಭದಲ್ಲಿ ನಮ್ಮ ಗ್ರಾಮದ ಚೆಂಡು ಹೂವಿನ ಬೆಲೆಯು ಏರಿಕೆಯಾದಾಗ್ಯೂ ಅದರ ಬೇಡಿಕೆಯು ಹೆಚ್ಚಲು ಕಾರಣಗಳೇನು?'

ನೋಟ್ಸ್ ಬರೆಸಬೇಡಿ ಅಂದಿದ್ದಕ್ಕೆ ಇವರು ನೋಟ್ಸ್ ಬರೆಸಿರಲಿಲ್ಲ. ಡೌಟು ಬರೆಸಿದ್ದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ, ಆದರೆ ಇವರು ಅದಕ್ಕೆ ಹೂ ಮುಡಿಸಿ ಪೂಜೆಗೂ ಕೂರಿಸಿದ್ದರು.

ಅಧಿಕಾರಿ ಮೆಚ್ಚಿಕೊಂಡು ತಲೆಯಾಡಿಸುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆ ವರ್ಷದ ಪರೀಕ್ಷೆಯಲ್ಲಿ ನಾನೂ ಪಾಸು, ಗುಂಡ್ಲುಪೇಟೆಯ ನನ್ನ ಕ್ಲಾಸೂ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಚಾಮರಾಜನಗರದಲ್ಲಿ ಪದ್ಧತಿ ನೆಲೆ ನಿಂತಿಲ್ಲ ಎಂದು ನಾನೇ ಸಾಕ್ಷಿ ಹೇಳಿದಂತೆ, ನನ್ನ ಕ್ಲಾಸೂ ಹೋಗುತ್ತಿತ್ತು. ಇದನ್ನೆಲ್ಲ ಯೋಚಿಸಿದೆ. ಆದರೆ ನನ್ನ ಸಿಟ್ಟು ಯೋಚನೆ ಮುಗಿಯುವವರೆಗೆ ಕಾಯುವಂಥದ್ದಲ್ಲ. ಎದ್ದು ನಿಂತು ಆ ಹುಡುಗಿಯನ್ನು, ಈ ಡೌಟು ನಿನಗೆ ಯಾವಾಗ ಬಂತಮ್ಮ ಎಂದು ಕೇಳಿದೆ.

ಅವಳು ಹೆದರಲಿಲ್ಲ. ಇದೇನು ಕೇಳುತ್ತಾರೆ ಅನ್ನುವ ಹಾಗೆ ನೋಡಿದಳು. 'ಸಾರ್ ಬರ್ಸುದ್ರು ಮೇಡಂ. ಎಲ್ರಿಗೂ ಬರ್ಸವ್ರೆ' ಅಂದಳು. ತಪ್ಪಿಲ್ಲದೆ ಒಪ್ಪಿಸಿದ್ದಕ್ಕೆ ಅವಳ ಮುಖದಲ್ಲಿ ಹೆಮ್ಮೆಯಿತ್ತು.

ನಾನು ಅಧಿಕಾರಿಯ ಕಡೆ ತಿರುಗಿ ಎಲ್ಲವನ್ನೂ ಹೇಳಿದೆ, ಮಕ್ಕಳ ಎದುರಿಗೇ ಹೇಳಿದೆ. ಈ ಡೌಟು ಈ ಕ್ಲಾಸಿನದಲ್ಲ, ನಮ್ಮ ಗುಂಡ್ಲುಪೇಟೆಯ ಹುಡುಗಿಯದು, ಇವರು ಅದನ್ನು ಕದ್ದು ಇಸ್ತ್ರಿ ಹಾಕಿದ್ದಾರೆ. ಈ ಹುಡುಗಿಗೆ ಅವಳದೇ ಡೌಟು ಇತ್ತು, ಅದರ ಬಾಯಿ ಮುಚ್ಚಿಸಿ ಇದನ್ನು ತುರುಕಿದ್ದಾರೆ. ಇದು ಪದ್ಧತಿಯಲ್ಲ, ಗಿಳಿಪಾಠ, ಮೊದಲು ಉತ್ತರ ಉರು ಹೊಡೆಯುತ್ತಿದ್ದರು, ಈಗ ಪ್ರಶ್ನೆಯನ್ನೂ ಹೊಡೆಯುತ್ತಿದ್ದಾರೆ. ಧ್ವನಿ ಎಷ್ಟು ಏರಿತ್ತೆಂದರೆ ಪಕ್ಕದ ಕ್ಲಾಸಿನಲ್ಲಿ ಬರೆಸುತ್ತಿದ್ದವರೂ ನಿಲ್ಲಿಸಿದರು. ಪ್ರಿನ್ಸಿಪಾಲರ ಮುಖ ಬಿಳಿಚಿತು. ಅದನ್ನು ನೋಡಿ ನನಗೆ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ.

ಅಧಿಕಾರಿ ಗದ್ದ ಉಜ್ಜಿಕೊಂಡರು. ಆಮೇಲೆ ಪ್ರಿನ್ಸಿಪಾಲರನ್ನು, ಎಲ್ಲ ಯೂನಿಟ್ಟಿಗೂ ಬರೆಸಿದ್ದೀರಾ ಎಂದು ಕೇಳಿದರು. ಸಿಕ್ಕಿಬಿದ್ದ ಅಂದುಕೊಂಡೆ. ಪ್ರಿನ್ಸಿಪಾಲರು ಕೇಳಿಸದಷ್ಟು ಸಣ್ಣಗೆ, ಹೌದು ಸಾರ್ ಅಂದರು. ಎಲ್ಲ ವಿಷಯಕ್ಕೂ? ಹೌದು ಸಾರ್. ಅಧಿಕಾರಿಯ ಮುಖ ಅರಳಿತು. ಒಳ್ಳೇ ಕೆಲಸ, ಒಂದು ಪ್ರತಿ ಕೊಡಿ, ಎಲ್ಲ ಕಾಲೇಜಿಗೂ ಕಳಿಸೋಣ ಅಂದರು. ನನ್ನ ಕಡೆ ತಿರುಗಿ ಸಮಾಧಾನದಿಂದಲೇ ಹೇಳಿದರು. 'ನೀವು ಮಾಡೋದು ನಿಮ್ಮೊಬ್ಬರ ಕೈಲಿ ಆಗೋದು ಮೇಡಂ. ಇದು ಯಾರ ಕೈಲಾದರೂ ಆಗುತ್ತೆ. ಹಬ್ಬಿಸೋದು ಅಂದ್ರೆ ಇದೇ ಅಲ್ವಾ?'

ನಾನು ಬ್ಯಾಗು ಎತ್ತಿಕೊಂಡು ಹೊರಗೆ ಬಂದೆ. ಅವರು ಹೇಳಿದ್ದು ಸರಿ ಎಂದಲ್ಲ. ಅವರಿಗೆ ಕೊಡಬೇಕಾದ ಉತ್ತರಗಳು ಆಮೇಲೆ ಬಸ್ಸಿನಲ್ಲಿ ಒಂದರ ಹಿಂದೆ ಒಂದು ಬಂದವು. ಪುಣಜನೂರಿನವಳು ಬಾಯಿ ಬಿಟ್ಟಾಗ ನಾನು ಮಾಡಿದ್ದೇನು? ಸುಮ್ಮನಿದ್ದೆ. ಸುಮ್ಮನಿರಲು ಯಾವ ಪಾಂಡಿತ್ಯ ಬೇಕು? ಆದರೆ ಸುಮ್ಮನಿರುವ ಮೇಷ್ಟ್ರನ್ನು ಪ್ರಿನ್ಸಿಪಾಲರು ನಂಬುವುದಿಲ್ಲ, ಸುಮ್ಮನಿರುವ ಪ್ರಿನ್ಸಿಪಾಲರನ್ನು ಮೈಸೂರು ನಂಬುವುದಿಲ್ಲ. ಒಬ್ಬರಿಗೊಬ್ಬರು ಹೆದರಿಕೊಂಡು ಎಲ್ಲರೂ ಸೇರಿ ಮಕ್ಕಳ ಬಾಯಿಗೆ ಮಾತು ಹಾಕುತ್ತಾರೆ. ಇದನ್ನು ಅಲ್ಲೇ ಹೇಳಬೇಕಿತ್ತು. ಹೇಳಿದ್ದರೂ ಕೋಣನ ಮುಂದೆ ಕಿನ್ನರಿ.

ಊಟಕ್ಕೆ ನಾನು ನಿಲ್ಲಲಿಲ್ಲ. ಪ್ರಿನ್ಸಿಪಾಲರು ಬಾಗಿಲವರೆಗೆ ಬಂದು, ಎಲ್ಲ ನಿಮ್ಮ ಆಶೀರ್ವಾದ ಮೇಡಂ ಅಂದರು. ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕುದೇರಿನವನನ್ನು ಬೈಕ್ ನಿಲ್ಲಿಸುವ ಕಡೆ ಹಿಡಿದುಕೊಂಡು ಬೈದೆ. ಆ ದಿನ ಬಾಯಿ ಬಿಟ್ಟುಕೊಂಡು ನಿಂತಿದ್ದೆಯಲ್ಲ, ಕಣ್ಣಾರೆ ನೋಡಿದವನಿಗೆ ಹೀಗೆ ಮಾಡಲು ಮನಸ್ಸು ಹೇಗೆ ಬಂತು ಎಂದೆ. ಅವನು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನೆಲ ನೋಡಿದ. 'ಮಕ್ಳು ಬಾಯಿ ಬಿಡ್ದೆ ಕೂತ್ರೆ ನನ್ನ ತಗದ್ಬುಡ್ತಾರೆ ಮೇಡಂ. ನಿಮ್ಮನ್ನ ತಗೆಯಕಾಯ್ತದಾ?' ಅಂದ. ಅದು ನಿಜವಾಗಿತ್ತು. ನಿಜವಾಗಿದ್ದರಿಂದ ನನಗೆ ಇನ್ನೂ ಸಿಟ್ಟು ಬಂತು, ಇನ್ನೆರಡು ಮಾತು ಬೈದೇ ಬಸ್ಸು ಹತ್ತಿದೆ.

ಮುಂದಿನ ಸೆಮಿಸ್ಟರಿನ ಶುರುವಿನಲ್ಲಿ ನಮ್ಮ ಪ್ರಿನ್ಸಿಪಾಲರು ನಗುನಗುತ್ತಾ ನನ್ನನ್ನು ಕರೆದರು. ನಿಮ್ಮ ಕ್ಲಾಸು ಉಳಿಯಿತು ಮೇಡಂ, ಪದ್ಧತಿ ಈಗ ಎಲ್ಲ ಕಾಲೇಜಿಗೂ ಬಂತು ಅಂದರು. ಗುಂಪು ಮಾಡಬಹುದು, ಮೊದಲರ್ಧ ಅವರಿಗೇ ಬಿಡಬಹುದು, ಯಾವುದಕ್ಕೂ ಅಡ್ಡಿಯಿಲ್ಲ. ಸಂದೇಹಗಳನ್ನು ಮಾತ್ರ ಮೈಸೂರಿನವರು ಕಳಿಸಿದ ಚಾಮರಾಜನಗರದ ಪ್ರತಿಯಿಂದಲೇ ತೆಗೆದುಕೊಳ್ಳಬೇಕು, ಇಂಟರ್ನಲ್ಸಿನ ಅಂಕವೂ ಅದರ ಮೇಲೆಯೇ. ಆ ಪ್ರತಿಯನ್ನು ನಾನು ಮುಟ್ಟಲಿಲ್ಲ. ಮೇಜಿನ ಮೇಲೇ ಬಿಟ್ಟು ಎದ್ದು ಬಂದೆ. ನಮ್ಮ ಮಕ್ಕಳು ನನ್ನ ಕೈಯಲ್ಲಿ ತಯಾರಾದವರು, ಅವರಿಗೆ ಇಂಥದ್ದು ಬೇಕಾಗುವುದಿಲ್ಲ ಎಂದು ನನ್ನ ಲೆಕ್ಕ. ಚಾಮರಾಜನಗರ ಏನಾದರೂ ಮಾಡಿಕೊಳ್ಳಲಿ, ನನ್ನ ಕ್ಲಾಸಿನೊಳಗೆ ಬಾಗಿಲು ಹಾಕಿಕೊಂಡು ನಾನು ನನ್ನ ಪಾಡಿಗೆ ನಡೆಸುತ್ತೇನೆ ಅಂದುಕೊಂಡೆ.

ಬಾಗಿಲು ಹಾಕಿದೆ. ಗುಂಪು ಮಾಡಿ ಕೂರಿ ಅಂದೆ, ಕೂತರು. ನಾನು ಸುಮ್ಮನಾದೆ. ಯಾರೂ ಮಾತಾಡಲಿಲ್ಲ. ಹೋದ ವರ್ಷ ಪಕ್ಕದವರಿಗೆ ಬಾಯಿ ಬಿಡಲು ಅವಕಾಶ ಕೊಡದಷ್ಟು ಜಗಳವಾಡಿದ್ದವರು ಎರಡನೆಯ ವರ್ಷಕ್ಕೆ ಬಂದು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ಯಾಕೆ ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಬಹಳ ಪ್ರೀತಿಯಿಂದ, ನನ್ನ ಕಷ್ಟ ಕಡಿಮೆ ಮಾಡುವವಳ ಹಾಗೆ, 'ಇಂಟರ್ನಲ್ಸ್‌ಗೆ ಕೊಡೋ ಡೌಟ ಮೊದ್ಲು ಬರ್ಸ್‌ಬುಡಿ ಮೇಡಂ, ಟೈಮ್ ಉಳುದ್ರೆ ಆಮೇಕೆ ಮಾತಾಡನ' ಅಂದಳು.

ಆ ಪ್ರಿನ್ಸಿಪಾಲರ ಮೇಲೂ ಬಾರದಿದ್ದಷ್ಟು ಸಿಟ್ಟು ಆಗ ಬಂತು, ನನ್ನ ಮಕ್ಕಳ ಮೇಲೆಯೇ ಬಂತು. ಮೇಜು ಗುದ್ದಿ ಹೇಳಿದೆ. ನಾನು ಬರೆಸುವುದಿಲ್ಲ. ನಿಮ್ಮ ಡೌಟು ನಿಮ್ಮದೇ ಆಗಿರಬೇಕು, ಬೇರೆಯವರು ಹೇಳಿಕೊಟ್ಟದ್ದು ಡೌಟಲ್ಲ.

ಎಲ್ಲರೂ ತಲೆ ಬಗ್ಗಿಸಿದರು. ಬೈಗುಳಕ್ಕೆ ನಾಚಿಕೊಂಡರು ಅಂದುಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬಳು ಪೆನ್ನು ಎತ್ತಿ, 'ಮೇಡಂ, ಕೊನೇ ಸಾಲು ಇನ್ನೊಂದ್ಸಲ ಹೇಳಿ' ಅಂದಳು.